ಖಾಲಿ ಬಿಟ್ಟ ಷರಾ ಕಾಲಂ

ನಿವೃತ್ತಿಯಾಗಿ ಆರು ವರ್ಷವಾದರೂ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕಡೆಗೆ ಹಲ್ಲಿನ ಡಾಕ್ಟರ ಬೆಂಚಿನ ಮೇಲೂ ಜನ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಹ್ವಾಯ್, ಬ್ಯಾಂಕಲ್ ಇಟ್ರೆ ಎಂತ ತೊಂದ್ರಿ ಇಲ್ಲೆ ಅಲ್ದಾ?" ಮೊದಲೆಲ್ಲ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಈಗ ಸಾಕಾಗಿದೆ. ನಾನೇನು ಬ್ಯಾಂಕಿನ ಮಾಲೀಕಳೇ? ಮೂವತ್ತಮೂರು ವರ್ಷ ಗುಮಾಸ್ತೆಯಾಗಿ ಕುರ್ಚಿ ಸವೆಸಿದವಳು, ಅಷ್ಟೇ. ಯಾವ ಬ್ಯಾಂಕು, ಯಾವ ಶಾಖೆ ಎಂಬುದು ಇಲ್ಲಿ ಬೇಡ. ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ, ಅದನ್ನು ತಿನ್ನುತ್ತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೊನೆಯ ಹನ್ನೆರಡು ವರ್ಷ ಕಳೆದದ್ದು ಚಿನ್ನದ ಸಾಲದ ಕೌಂಟರಿನಲ್ಲಿ. ನಮ್ಮ ಬೈಂದೂರು ಕಡೆ ಚಿನ್ನ ಅಡವಿಡಲು ಕೈ ಖಾಲಿಯಾಗಿರಲೇಬೇಕು ಎಂದೇನಿಲ್ಲ. ಲಾಕರ್ ಕೇಳಿದರೆ ಸಿಗುವುದಿಲ್ಲ. ಕಡಲ ಬದಿಯ ಹಂಚಿನ ಮನೆಯಲ್ಲಿ ಇಟ್ಟುಕೊಳ್ಳಲು ಧೈರ್ಯವಿಲ್ಲ. ಆಗ ಜನ ಮಾಡುವುದೇನೆಂದರೆ, ಒಂದು ಸಣ್ಣ ಸಾಲ ಬರೆಸಿ ಒಡವೆಯನ್ನು ಬ್ಯಾಂಕಿನ ತಿಜೋರಿಗೆ ಸೇರಿಸಿಬಿಡುವುದು. ಬಡ್ಡಿ ಎಂದರೆ ಕಾವಲುಗಾರನ ಸಂಬಳ ಅಂತ ಲೆಕ್ಕ. ಮಳೆ ಹಿಡಿಯುವ ಮುಂಚೆ, ದೋಣಿಗಳನ್ನು ದಡಕ್ಕೆ ಎಳೆಯುವ ಹೊತ್ತಿಗೆ, ನನ್ನ ಕೌಂಟರಿನ ಮುಂದೆ ಹೆಂಗಸರ ಸಾಲು ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು.

ಉಪ್ಪುಂದದಿಂದ ಬಿಜೂರಿಗೆ, ನಮ್ಮ ಮನೆ ಬಾಗಿಲಿಗೆ, ಮೀನು ತರುವ ಹೆಂಗಸೂ ಒಂದು ವರ್ಷ ಆ ಸಾಲಿನಲ್ಲಿ ನಿಂತಳು. ನನ್ನದೇ ವಯಸ್ಸು. ಗಂಡ ಹೋದ ಮೇಲೆ ಬುಟ್ಟಿ ಹೊತ್ತೇ ಮನೆ ನಡೆಸಿದವಳು. ನನ್ನನ್ನು ಕರೆಯುವುದು ಅಮ್ಮ ಎಂದು, ಬೈಯುವುದು ಮಾತ್ರ ಸರೀಕಳ ಹಾಗೆ. ಸೆರಗಿನ ಗಂಟು ಬಿಚ್ಚಿ ಎರಡು ತೆಳು ಚಿನ್ನದ ತಗಡಿನ ಬಳೆ ಮುಂದಿಟ್ಟಳು. ತೂಕ ನೋಡಲು ನಮ್ಮಲ್ಲಿಗೆ ಬರುತ್ತಿದ್ದ ಸರಾಫರು ಒಂದನ್ನು ಬೆಳಕಿಗೆ ಹಿಡಿದು, "ಇದ್ ಇಲ್ ನೆಗ್ಗಿತ್ತಲೆ, ಸಮ ಮಾಡ್ ಕೊಡ್ಕಾ?" ಎಂದರು.

"ಮುಟ್ಬೇಡಿ ಮಾರಾಯ್ರೆ!" ಅವಳು ಕೈ ಅಡ್ಡ ಹಿಡಿದಳು. "ಅದ್ ನನ್ ಹೆಣ್ಣಿನ್ ಹಲ್ಲ್."

ಮೊದಲನೆಯ ಮಗು. ಹಲ್ಲು ಬರುವಾಗ ವಸಡು ಕಡಿದು, ಸೊಂಟದ ಮೇಲೆ ಕೂತಲ್ಲೇ ಅಮ್ಮನ ಬಳೆ ಕಚ್ಚುತ್ತಿತ್ತಂತೆ. ಬಂದ ಎರಡೇ ಎರಡು ಹಲ್ಲಿನ ಗುರುತು ಬಳೆಯ ಮೇಲೆ ಬಿದ್ದಿತ್ತು, ಅಕ್ಕಿಕಾಳಿನಷ್ಟು. ಒಂದೂವರೆ ವರ್ಷಕ್ಕೆ ಜ್ವರ ಬಂದು ಮಗು ಹೋಯಿತು. "ಫೋಟೊ ತೆಗ್ಸ್ಕ್ ಅಂದೇಳಿ ಯಾರಿಗ್ ಗೊತ್ತಿತ್ತ್ ಅಮ್ಮಾ? ಇದೊಂದೇ ಇಪ್ದ್," ಎಂದಳು. ಕಣ್ಣಲ್ಲಿ ನೀರೇನೂ ಇರಲಿಲ್ಲ.

ಬಿಟ್ಟು ಹೋಗಲು ಮನಸ್ಸಿಲ್ಲದೆ ಅವಳು ಮತ್ತೆ ಕೇಳಿದಳು, "ಎಂತ ಆತಿಲ್ಲೆ ಅಲ್ದಾ ಅಮ್ಮಾ?"

"ಎಂತಕ್ ಹೆದ್ರುದ್? ನಾನ್ ಇಲ್ಯಾ ಇಲ್ಲಿ?" ಎಂದೆ.

ಪುಸ್ತಕದಲ್ಲಿ ನಾನೇ ಬರೆದೆ: ಬಳೆ ಎರಡು, ಒಟ್ಟು ತೂಕ ಇಷ್ಟು, ಕಲ್ಲು ಇಲ್ಲ. ಕೊನೆಗೆ ಷರಾ ಅಂತ ಒಂದು ಕಾಲಂ ಇರುತ್ತದೆ, ಒಡವೆಯಲ್ಲಿ ವಿಶೇಷ ಏನಾದರೂ ಇದ್ದರೆ ಬರೆಯಲು. ಅದನ್ನು ನಾನು ಎಂದೂ ತುಂಬಿದವಳಲ್ಲ. ಸಾಲು ಅಷ್ಟುದ್ದ ಇತ್ತು, ನನಗೆ ಮೂರೂವರೆಯ ಬಸ್ಸು ಹಿಡಿಯಬೇಕಿತ್ತು. ಒಂದು ಗೀಟು ಎಳೆದು ಪುಟ ಮಗುಚಿದೆ.

ಆಮೇಲೆ ಪ್ರತಿ ವರ್ಷ ಅವಳು ಬಂದು ಬಡ್ಡಿ ಕಟ್ಟುವಳು, ಬಳೆ ತೆಗೆಸಿ ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳು ಆಡಿಸುವಳು, ಮತ್ತೆ ಅಲ್ಲೇ ಇಡುವಳು. ಐದು ನಿಮಿಷದ ಕೆಲಸ. ನನಗದು ಒಂಥರಾ ಹೆಮ್ಮೆಯೇ ಆಗಿತ್ತು. ನೋಡಿ, ನಮ್ಮನ್ನು ಎಷ್ಟು ನಂಬುತ್ತಾರೆ ಅಂತ!

ನಾನು ನಿವೃತ್ತಳಾಗಿ ಎರಡು ವರ್ಷಕ್ಕೆ ಸುದ್ದಿ ಬಂತು. ಮ್ಯಾನೇಜರೂ ಹೊಸದಾಗಿ ಬಂದ ಸರಾಫನೂ ಸೇರಿ ತಿಜೋರಿಯ ಒಡವೆ ತೆಗೆದು, ಚೀಲದೊಳಗೆ ಚಿನ್ನದ ನೀರು ಕೊಟ್ಟ ನಕಲಿ ಮಾಲು ತುಂಬಿ, ಮತ್ತೆ ಸೀಲು ಹಾಕಿ ಇಟ್ಟಿದ್ದರು. ತಪಾಸಣೆಗೆ ಬಂದವರು ಒಂದು ಚೀಲ ಒಡೆದಾಗ ಗೊತ್ತಾಯಿತು. ಆ ತಿಜೋರಿಗೆ ಎರಡು ಬೀಗ. ಒಂದರ ಕೀ ಮ್ಯಾನೇಜರ ಹತ್ತಿರ, ಇನ್ನೊಂದು ಗುಮಾಸ್ತರ ಹತ್ತಿರ, ಇಬ್ಬರೂ ನಿಂತೇ ತೆರೆಯಬೇಕು. ಹಾಗಾದರೆ ಮ್ಯಾನೇಜರು ತಮ್ಮ ಒಂದೇ ಕೀಯಲ್ಲಿ ಹೇಗೆ ತೆರೆದರು ಎಂದು ಊರೆಲ್ಲ ಬೆರಗಾಯಿತು. ನಾನು ಬೆರಗಾಗಲಿಲ್ಲ. ನನ್ನ ಜಾಗಕ್ಕೆ ಬಂದವಳು ಕೀಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಬೇಗ ಮನೆಗೆ ಹೋಗುತ್ತಿದ್ದಳಂತೆ. ಪಾಪ, ಅವಳನ್ನು ಎಲ್ಲರೂ ಬಾಯಿಗೆ ಬಂದ ಹಾಗೆ ಬೈದರು. ನಾನೂ ಎಷ್ಟೋ ಸಲ ಹಾಗೇ ಕೀ ಕೊಟ್ಟು ಮೂರೂವರೆಯ ಬಸ್ಸಿಗೆ ಓಡಿದವಳು. ನನ್ನ ಕಾಲದ ಮ್ಯಾನೇಜರುಗಳು ಒಳ್ಳೆಯವರಿದ್ದರು, ನಾನು ಬಚಾವಾದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಪೊಲೀಸರು ಸಿಕ್ಕಷ್ಟು ಒಡವೆಗಳನ್ನು ಕುಂದಾಪುರಕ್ಕೆ ತಂದು ಗುರುತಿಸಲು ಕರೆದರು. ಮೀನಿನವಳ ಜೊತೆ ನಾನೇ ಹೋದೆ. ಉದ್ದದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಳೆ, ಸರ, ಓಲೆ ಹರಡಿದ್ದರು. ಅವಳು ಕಣ್ಣಿಂದ ನೋಡಲೇ ಇಲ್ಲ, ಒಂದೊಂದೇ ಬಳೆ ಎತ್ತಿ ಹೆಬ್ಬೆರಳಿಂದ ಸುತ್ತ ಸವರಿ ಕೆಳಗಿಟ್ಟಳು. ಮೇಜಿನ ಆ ತುದಿ ಮುಟ್ಟಿ, ಮತ್ತೆ ಈ ತುದಿಯಿಂದ ಶುರು ಮಾಡಿದಳು. ಕಾವಲಿಗಿದ್ದ ಪೊಲೀಸಿನವನು, "ಬಾಕಿದ್ದೆಲ್ಲ ಕರಗ್ಸಿಯಾಯ್ತಂಬ್ರ್, ಇನ್ ಸಿಕ್ಕುದಿಲ್ಲೆ ಅಕ್ಕಾ," ಎಂದ. ಒಳ್ಳೆಯವನು. ಮೆಲ್ಲಗೇ ಹೇಳಿದ.

ಮುಂದಿನ ವಾರ ಶಾಖೆಯಲ್ಲಿ ಹೆಡ್ ಆಫೀಸಿನ ಅಧಿಕಾರಿ ಕೂತಿದ್ದರು. ಇಸ್ತ್ರಿ ಮಡಿಕೆ ಕೆಡದ ಅಂಗಿ. "ಚಿಂತೆ ಬೇಡ ತಾಯಿ. ನಿಮಗೆ ಒಂದು ಗ್ರಾಮ್ ಕೂಡ ನಷ್ಟ ಆಗಲು ಬಿಡುವುದಿಲ್ಲ. ಇವತ್ತಿನ ದರದಲ್ಲಿ ಪೂರ್ತಿ ಕೊಡುತ್ತೇವೆ," ಎಂದರು.

"ಹಲ್ಲಿಗ್ ಎಷ್ಟ್ ತೂಕ ಹಾಕ್ತ್ರಿ?" ಎಂದಳು ಅವಳು.

ಅವರಿಗೆ ಅರ್ಥವಾಗಲಿಲ್ಲ. ನಾನು ವಿಷಯ ಹೇಳಿದೆ. ಅವರು ಹಳೆಯ ಪುಸ್ತಕ ತರಿಸಿ ಪುಟ ಹುಡುಕಿ ಬೆರಳಿಟ್ಟರು. "ಅಂಥ ಗುರುತು ಏನೂ ಬರೆದಿಲ್ಲವಲ್ಲ ಮೇಡಂ." ನನ್ನದೇ ಅಕ್ಷರ, ನನ್ನದೇ ಗೀಟು. ಬರೆದಿದ್ದರೆ ಬಳೆ ಉಳಿಯುತ್ತಿತ್ತು ಅಂತೇನೂ ಅಲ್ಲ, ಕದಿಯುವವನು ಷರಾ ಓದುತ್ತಾನೆಯೇ? ಆದರೆ ಆ ಮಗುವಿನ ಹಲ್ಲು ಈ ಲೋಕದಲ್ಲಿ ಒಂದು ಕಡೆಯಾದರೂ ಬರೆದು ಉಳಿಯುತ್ತಿತ್ತು. ಅದಕ್ಕೂ ನಾನು ಕಲ್ಲು ಹಾಕಿದ್ದೆ.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಮರುದಿನ ಎಂದಿನಂತೆ ಬುಟ್ಟಿ ಇಳಿಸಿ, ಲೆಕ್ಕಕ್ಕಿಂತ ಎರಡು ಬಂಗುಡೆ ಹೆಚ್ಚೇ ಹಾಕಿ ಹೋದಳು.

ಬ್ಯಾಂಕು ಮಾತಿನಂತೆ ಹಣ ಕೊಟ್ಟಿತು, ಅದು ನಿಜ. ಅವಳು ಆ ದುಡ್ಡಿನಲ್ಲಿ ಅಷ್ಟೇ ತೂಕದ ಎರಡು ಬಳೆ ಮಾಡಿಸಿದಳು. ಮಾಡಿಸಿ ಡಬ್ಬಿಯಲ್ಲಿಟ್ಟಳೇ ಹೊರತು ಒಂದು ದಿನವೂ ತೊಡಲಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಬಾಗಿಲಲ್ಲಿ ನಿಂತು, "ಬನ್ನಿ ಅಮ್ಮಾ, ಬ್ಯಾಂಕಿಗ್ ಹೋಪ," ಎಂದಳು.

"ನಿಂಗ್ ತಲೆ ಸಮ ಇತ್ತಾ? ಮತ್ತೂ ಅಲ್ಲಿಗೇ?"

"ಮತ್ತೆಲ್ಲಿಗ್ ಹೋಪ್ದ್? ಎರಡ್ ತಿಂಗ್ಳ್ ಮೀನ್ ಇಲ್ಲೆ. ಮನಿಯಂಗ್ ಇಟ್ಕಂಡ್ರೆ ಮನಿ ಬಿಟ್ಟ್ ಹೋಪುಕೂ ಮನ್ಸ್ ಬತ್ತಿಲ್ಲೆ."

ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಟೆ. ಜನ ಬ್ಯಾಂಕನ್ನು ನಂಬುತ್ತಾರೆಯೇ ಎಂದು ಟಿವಿಯಲ್ಲಿ ಗಂಟೆಗಟ್ಟಲೆ ಮಾತಾಡುವವರು ಇವಳ ಜೊತೆ ಒಮ್ಮೆ ಆ ಸಾಲಿನಲ್ಲಿ ನಿಲ್ಲಲಿ. ಬೇರೆ ಬಾಗಿಲಿಲ್ಲದೆ ಬಂದವಳ ಮುಖ ನೋಡಿ, ಅದಕ್ಕೆ ನಂಬಿಕೆ ಅಂತ ಹೆಸರಿಟ್ಟು ನಾವು ಅಷ್ಟು ವರ್ಷ ಬೀಗಿದೆವು.

ಕೌಂಟರಿನಲ್ಲಿ ಉತ್ತರದ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತ. ಕನ್ನಡ ಕಲಿಯುತ್ತಿದ್ದ, ಮಾತು ನಿಧಾನ. ಬಳೆಗೆ ಅವನು ಕೈ ಚಾಚಿದಾಗ ಅವಳು, "ತಡಿರಿ," ಎಂದಳು. ಒಂದು ಬಳೆ ಬಾಯಿಗಿಟ್ಟು, ಉಳಿದಿರುವ ಹಲ್ಲುಗಳಿಂದ ಕತ್ತಿನ ನರ ಉಬ್ಬುವ ಹಾಗೆ ಕಚ್ಚಿದಳು. ಗುಮಾಸ್ತ ಗಾಬರಿಯಾಗಿ ಎದ್ದೇ ನಿಂತ. ಅವಳು ಬಳೆಯನ್ನು ಸೆರಗಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮುಂದಿಟ್ಟಳು. "ಈಗ ಬರ್ಕಣಿ. ಹಲ್ಲಿನ್ ಗುರ್ತ್ ಮೂರಿತ್ತ್."

ಅವನು ನನ್ನ ಮುಖ ನೋಡಿದ. ಕನ್ನಡ ಬರೆಯಲು ಬಾರದು, ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವೂ ಇಲ್ಲ ಎಂದ. "ಅಡವಿನ ಚೀಟಿಯ ಹಿಂದೆ ನಾನು ಬರೆಯುತ್ತೇನೆ. ನೀವು ಸಹಿ ಹಾಕಿ ಸೀಲು ಒತ್ತಿ, ಅದರ ಒಂದು ನಕಲನ್ನು ಬಳೆಯ ಚೀಲದೊಳಗೆ ಇಡಿ," ಎಂದೆ. ದನಿ ಸ್ವಲ್ಪ ಜೋರೇ ಆಯಿತು. ಅವನು ಚೀಟಿ ಕೊಟ್ಟ.

ಬರೆದೆ. ಅವಳಿಗೆ ಓದು ಬಾರದು. ಕನ್ನಡಕ ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿ ಹೇಳಿದೆ: "ಎರಡು ಬಳೆಗಳ ಪೈಕಿ ಒಂದರ ಮೇಲೆ ಮೂರು ಹಲ್ಲಿನ ಗುರುತು ಇದೆ."

ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಹಳೀ ಬಳಿಯಂಗ್ ಎಷ್ಟಿತ್ತ್ ಅಮ್ಮಾ, ನಿಮ್ಗ್ ನೆನಪಿತ್ತಾ?"

"ಎರಡು," ಎಂದೆ.

"ಅದ್ನೂ ಬರ್ದ್ ಬಿಡಿ."

ಬರೆದೆ. ಗುಮಾಸ್ತ ಏನೂ ಕೇಳದೆ ಎರಡು ಸಾಲಿನ ಕೆಳಗೂ ಸಹಿ ಹಾಕಿ ಸೀಲು ಒತ್ತಿದ.