ಜಿಪ್ ಹೊಲಿಯುವವಳು ಬಾರದ ಭಾನುವಾರ

ಈ ವರ್ಷ ಶಾಲೆ ತೆರೆಯುವ ಹಿಂದಿನ ಭಾನುವಾರ, ರಾಯದುರ್ಗದ ನಮ್ಮ ಓಣಿಯ ಜೀನ್ಸ್ ಹೊಲಿಯುವ ಹೆಂಗಸರು ಎಂದಿನಂತೆ ಓಣಿಯವರ ಹರಕು ಬಟ್ಟೆ, ಚೀಲ ರಿಪೇರಿಗೆ ಕೂತರು. ಪಕ್ಕದ ಮನೆಯಾಕೆ ಮಗಳ ಶಾಲಾ ಚೀಲ ತಂದಳು, ಜಿಪ್ ಕಿತ್ತಿತ್ತು. ಹಗ್ಗ ಕಟ್ಟಿದ ಚೀಲ ಹೊತ್ತು ಶಾಲೆಗೆ ಹೋಗಲಾರೆನೆಂದು ಮಗಳು ಅಳುತ್ತಿದ್ದಳು. ಈ ಹೆಂಗಸರು ದುಡಿಯುವ ಜೀನ್ಸ್ ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ; ಜಿಪ್ ಹೊಲಿಯುವವಳು ತವರಿಗೆ ಹೋಗಿದ್ದಳು.

“ನನಗ ಜೇಬು ಬಿಟ್ರ ಏನೂ ಬರಂಗಿಲ್ಲಕ್ಕ,” ಎಂದಳು ಒಬ್ಬಳು.

“ಹಂಗಾರ ಜೇಬ ಹೊಲಿಯವ್ವ, ಪುಸ್ತಕ ಅದರಾಗ ತುರುಕ್ತೀವಿ!” ಎಂದು ಪಕ್ಕದ ಮನೆಯಾಕೆ ರೇಗಿದಳು.

ಜೇಬಿನವಳು ಹಳೆಯ ಜೀನ್ಸ್ ಕತ್ತರಿಸಿ, ಜೇಬಿಗೆ ಹೊಲಿಯುವಂಥದೇ ದೊಡ್ಡ ಮುಚ್ಚಳವನ್ನು ಚೀಲದ ಬಾಯಿಗೆ ಹೊಲಿದಳು. ಇನ್ನೊಬ್ಬಳು ಹಿತ್ತಾಳೆ ಗುಂಡಿ ಕೂಡಿಸಿದಳು.

ಸೋಮವಾರ ಹುಡುಗಿ ಅದನ್ನೇ ಹೊತ್ತು ಹೋದಳು. ಕಳೆದ ಭಾನುವಾರ ಅವಳ ಗೆಳತಿಯೊಬ್ಬಳು ಜಿಪ್ ಸರಿಯಾಗಿಯೇ ಇದ್ದ ಚೀಲ ತಂದು, ಮುಚ್ಚಳ ಹೊಲಿಸಿಕೊಂಡು ಹೋದಳು.