ಇಲ್ಲದ ಎಮ್ಮೆ ಮೇವು ಬಿಟ್ಟಿದ್ದು

ಆಗ ನನಗೆ ಐವತ್ತೊಂದು. ಈಗ್ಗೆ ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಗಂಡ ಸತ್ತಿದ್ದ, ಎಮ್ಮೆ ಮಾರಿದ್ದೆ. ಭರಮಸಾಗರದಲ್ಲಿ ಕೆರೆ ಕಡೆಯ ಬೀದಿಯಲ್ಲಿ ಮನೆ. ಕಳೆ ಕೀಳುವ ಕೆಲಸ ಇದ್ದಾಗ ಹೊಲಕ್ಕೆ ಹೋಗುತ್ತಿದ್ದೆ, ಇಲ್ಲದಾಗ ಮಲಗುತ್ತಿದ್ದೆ. ಕಷ್ಟ ಅಂತ ಹೇಳಿಕೊಳ್ಳುವಂಥದ್ದು ನನಗೇನೂ ಇರಲಿಲ್ಲ. ಕಷ್ಟ ಇದ್ದದ್ದು ಮಗಳಿಗೆ.

ಮೊನ್ನೆ ಮೊಮ್ಮಗಳು ನನ್ನ ಫೋನಿಗೆ ಅದೇನೋ ಮೆಸೇಜಿನ ಆ್ಯಪ್ ಹಾಕಿಕೊಟ್ಟಳು. "ಅಜ್ಜಿ, ಇದ್ರಾಗೆ ನೀನು ಏನು ಕಳಿಸಿದ್ರೂ ಬೀಗ ಹಾಕ್ಕಂಡು ಹೋಗತ್ತೆ. ಈ ತುದೀಲಿ ನೀನು, ಆ ತುದೀಲಿ ನಾನು. ನಡುವೆ ಕಂಪ್ನಿಯೋರೂ ಓದಕ್ಕಾಗಲ್ಲ" ಎಂದಳು. ಕಂಪನಿಯವರು ನನ್ನ ಮಾತು ಓದಿ ಏನು ಮಾಡುತ್ತಾರೋ ನನಗೆ ತಿಳಿಯದು. ನಡುವಿನವರ ಭಯ ನನಗೆ ಆ ಕಾಲದಲ್ಲೂ ಇರಲಿಲ್ಲ. ಫೋನಿನ ತಂತಿ ಹೊಲದ ಮೇಲೆ ಹೋಗುತ್ತಿತ್ತು, ಅದರ ಮೇಲೆ ಕಾಗೆ ಕೂರುತ್ತಿತ್ತು, ಅಷ್ಟೆ. ಭಯ ಇದ್ದದ್ದು ಎರಡು ತುದಿಯದು.

ಈ ತುದಿ ಅಂದರೆ ನಮ್ಮೂರ ಬಸ್ ನಿಲ್ಲುವ ಕಡೆ ಇದ್ದ ಅಂಗಡಿ. ಅಲ್ಲಿ ರೂಪಾಯಿ ಕಾಯಿನ್ ಹಾಕುವ ಕೆಂಪು ಫೋನು. ಫೋನಿನ ಪಕ್ಕದಲ್ಲೇ ಬೆಂಚು. ಬೆಂಚಿನ ಮೇಲೆ ಕೆಲಸವಿಲ್ಲದವರು. ಆ ತುದಿ ಅಂದರೆ ಧರ್ಮಪುರದ ಹತ್ತಿರ ಮಗಳ ಗಂಡನ ಮನೆ. ಅಲ್ಲಿ ಫೋನು ಇದ್ದದ್ದು ನಡುಮನೆಯಲ್ಲಿ, ಬೀಗತಿಯ ಮಂಚದ ತಲೆದೆಸೆಯಲ್ಲಿ. ಬೀಗತಿ ಅಂದರೆ ಮಗಳ ಅತ್ತೆ. ಕೆಟ್ಟವಳಲ್ಲ. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಬೇರೆಯವರ ಮಾತು ಕೇಳುವುದು ಬಿಟ್ಟರೆ ಆಯಮ್ಮನಿಗೆ ಇನ್ನೊಂದು ಚಟ ಇರಲಿಲ್ಲ. ಫೋನು ಇಟ್ಟ ಮೇಲೆ ಆಡಿದ ಮಾತನ್ನೆಲ್ಲ ಮನೆಯವರಿಗೆ ಮತ್ತೊಮ್ಮೆ ಒಪ್ಪಿಸುತ್ತಿದ್ದಳಂತೆ.

ಕಾಗದ ಬರೆಯಬಹುದಿತ್ತಲ್ಲ ಅನ್ನಬಹುದು. ನನಗೆ ಬರುತ್ತಿದ್ದದ್ದು ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ. ಬರೆಸಿ ಕಳಿಸಿದರೂ ಆ ಮನೆಯಲ್ಲಿ ಕಾಗದ ಬಂದರೆ ಅಂಗಳದಲ್ಲಿ ನಿಂತು ಜೋರಾಗಿ ಓದುವುದು ಪದ್ಧತಿ. ಓದಿದ್ದು ಕೇಳಿಸದವರು ಬಂದು ಇನ್ನೊಂದು ಸಲ ಓದಿಸಿಕೊಂಡು ಹೋಗುತ್ತಿದ್ದರು.

ಮಗಳಿಗೆ ಎರಡೂ ಹೆಣ್ಣು. ಎರಡನೆಯ ಹೆರಿಗೆ ನನ್ನ ಕಡೆ ಆಯಿತು, ದುರ್ಗದ, ಅಂದರೆ ಚಿತ್ರದುರ್ಗದ, ದೊಡ್ಡಾಸ್ಪತ್ರೆಯಲ್ಲಿ. ರಕ್ತ ನಿಲ್ಲಲಿಲ್ಲ. ಬಾಟಲಿ ಏರಿಸಿದರು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಇನ್ನೊಂದು ಬಸಿರಾದರೆ ಉಳಿಯುವುದು ಕಷ್ಟ, ಆಪರೇಶನ್ ಮಾಡಿಸಿ ಎಂದಳು. ಆಗಲೇ ಮಾಡುವ ಹಾಗಿರಲಿಲ್ಲ, ಮೈಯಲ್ಲಿ ಶಕ್ತಿ ಇರಲಿಲ್ಲ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೋದಳು. ಅಲ್ಲಿ ಬೀಗತಿ ಗಂಡು ಮಗುವಿಗೆ ಹರಕೆ ಹೊತ್ತು ಕೂತಿದ್ದಳು.

ಅಳಿಯನಿಗೆ ಮಗಳು ಹೇಳಿದಳು. ಅವನು, "ಮಾಡಿಸ್ಕ. ನಂಗೆ ಗೊತ್ತಿಲ್ಲ ಅಂತ ಇರ್ಲಿ" ಎಂದನಂತೆ. ಗಂಡಸರ ಧೈರ್ಯ ಅಷ್ಟು ಸಿಕ್ಕರೆ ಸಾಕು. ಅವರ ಊರಿಗೆ ಹತ್ತಿರದ ಹಿರಿಯೂರಲ್ಲಿ ಮಾಡಿಸಿದರೆ ಅವಳು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ಟುತ್ತಿತ್ತು. ಅದಕ್ಕೇ ದುರ್ಗದಲ್ಲೇ, ಸದ್ದಿಲ್ಲದೆ. ಆದ ಮೇಲೆ ಗೊತ್ತಾದರೆ ಗೊತ್ತಾಗಲಿ, ಆದದ್ದನ್ನು ಬಿಚ್ಚಲಿಕ್ಕಾಗುವುದಿಲ್ಲ.

ಬಾಣಂತನ ಮುಗಿಸಿ ಹೋಗುವ ಮುಂಚೆಯೇ ನಾನೂ ಮಗಳೂ ಕೂತು ಮಾತು ಕಟ್ಟಿಕೊಂಡಿದ್ದೆವು. ಆಪರೇಶನ್ನಿನ ದಿನ ಗೊತ್ತಾದರೆ ನಾನು ಫೋನು ಮಾಡಿ, ಎಮ್ಮೆ ಮೇವು ಬಿಟ್ಟಿದೆ ಅನ್ನಬೇಕು. ಡಾಕ್ಟರು ಎಮ್ಮೆ ನೋಡಲು ಯಾವ ವಾರ ಬರುತ್ತಾರೆ ಅಂತೀನೋ ಅದೇ ದಿನ. ಅವ್ವನಿಗೆ ಕೈ ನೆರವಿಗೆ ಜನ ಇಲ್ಲ ಅಂತ ಹೇಳಿ ಅವಳು ಹೊರಟು ಬರಬೇಕು. ಎಮ್ಮೆ ಮಾರಿದ್ದು ಬೀಗರಿಗೆ ಗೊತ್ತಿರಲಿಲ್ಲ. ಬಂಗಾರದ ಮಾತಾದರೆ ಎಲ್ಲರೂ ಕಿವಿ ಕೊಡುತ್ತಾರೆ, ಎಮ್ಮೆ ಮಾತಿಗೆ ಯಾರು ಕೊಡುತ್ತಾರೆ ಅಂದುಕೊಂಡೆವು.

ಎಂಥ ದಡ್ಡತನ ಅಂದರೆ, ಅದು ಕುರಿ ಕಾಯುವವರ ಮನೆ. ನಾನು ಸಾಯುತ್ತಿದ್ದೇನೆ ಅಂದಿದ್ದರೆ "ಔದಾ" ಅಂದು ಮಗ್ಗುಲು ಬದಲಿಸುತ್ತಿದ್ದರು. ಎಮ್ಮೆ ಮೇವು ಬಿಟ್ಟಿದೆ ಅಂದರೆ ಮಲಗಿದವರು ಎದ್ದು ಕೂರುವ ಜನ.

ದೊಡ್ಡಾಸ್ಪತ್ರೆಯ ಸಿಸ್ಟರಮ್ಮ ಆಪರೇಶನ್ ಸೋಮವಾರ ಅಂತ ಹೇಳಿದಳು. ಶುಕ್ರವಾರ ಅಂಗಡಿಗೆ ಹೋಗಿ ಕಾಯಿನ್ ಹಾಕಿದೆ. ಎತ್ತಿದ್ದು ಬೀಗತಿಯೇ.

"ಯಾರದು?"

"ನಾನ್ರೀ, ಭರಮಸಾಗರ. ಮಗ್ಳು ಐದಾಳಾ?"

"ಇಲ್ಲೇ ಐದಾಳೆ. ಏನ್ ಇಷ್ಯ?"

"ಎಮ್ಮೆ ಮೇವು ಬಿಟ್ಟೈತೆ."

"ಅಯ್ಯ! ಯಾವಾಗಿಂದ? ನೀರು ಕುಡೀತೈತಾ? ಮೆಲುಕು ಹಾಕ್ತೈತಾ? ಸಗಣಿ ಹೆಂಗೈತೆ?"

ಸಗಣಿಯ ತನಕ ನಾವು ಮಾತು ಕಟ್ಟಿರಲಿಲ್ಲ. "ಮಗ್ಳಿಗೆ ಕೊಡ್ರಿ, ಕಾಯಿನ್ ಮುಗೀತೈತೆ" ಎಂದೆ. ಮಗಳು ಬಂದಳು. ಸೋಮವಾರ ಡಾಕ್ಟರು ಬರುತ್ತಾರೆ ಎಂದೆ. "ಹೂಂ ಯವ್ವಾ, ನಾನು ಬರ್ತೀನಿ" ಎಂದಳು. ಅಷ್ಟರಲ್ಲಿ ಹಿಂದಿನಿಂದ ಬೀಗತಿಯ ದನಿ, "ಸೋಮ್ವಾರದ ತನ್ಕ ಎಮ್ಮೆ ಉಳೀತೈತಾ? ನಾನೂ ಬರ್ತೀನಿ ಅನ್ನು." ಫೋನು ಕಟ್ಟಾಯಿತು.

ಇತ್ತ ತಿರುಗಿದರೆ ಅಂಗಡಿಯವನು ನನ್ನನ್ನೇ ನೋಡುತ್ತಿದ್ದ.

"ಅಮ್ಮೋ, ನಿಮ್ಮೆಮ್ಮೆ ಮಾರಿದ್ರಲ್ಲ, ಮೇವು ಬಿಟ್ಟಿರೋದು ಯಾವ್ದು?"

"ಯಾವ್ದೋ ಒಂದು ಬಿಡಪ್ಪ."

"ಹೊಸ್ದು ತಗಂಡ್ರಾ? ಹಂಗಾರೆ ಹಾಲು ನಂಗೇ ಹಾಕ್ರಿ."

ಬೆಂಚಿನ ಮೇಲಿದ್ದ ಮುದುಕ, "ಲೇ, ಮೇವು ಬಿಟ್ಟಿರೋ ಎಮ್ಮೆ ಹಾಲು ಎಲ್ಲಿ ಕೊಡುತ್ತಲೇ" ಎಂದ. ಎಲ್ಲರೂ ನಕ್ಕರು. ಆ ತುದಿಯಲ್ಲಿ ನಂಬಿಬಿಟ್ಟರು, ಈ ತುದಿಯಲ್ಲಿ ಒಬ್ಬನೂ ನಂಬಲಿಲ್ಲ. ಎರಡೂ ನನಗೆ ಕುತ್ತು ತರುವಂಥದ್ದೇ.

ಈಗ ಎಮ್ಮೆ ಬೇಕಾಯಿತು. ಪಕ್ಕದ ಮನೆಯವಳ ಹತ್ತಿರ ಒಂದಿತ್ತು, ಹಾಲು ಕರೆಯುವ ಎಮ್ಮೆ. ಹೋಗಿ ಕೇಳಿದೆ.

"ಒಂದೆರಡು ದಿನ ನಿನ್ನೆಮ್ಮೆ ನಮ್ಮ ಕೊಟ್ಟಿಗೇಲಿ ಕಟ್ಟಬೇಕಿತ್ತು."

"ಯಾಕೆ?"

"ಬೀಗ್ತಿ ಬರ್ತಾಳೆ."

"ಬೀಗ್ತಿ ಬಂದ್ರೆ ಜನ ಕೋಳಿ ಕೇಳ್ತಾರೆ. ನೀನು ಎಮ್ಮೆ ಕೇಳ್ತೀಯಲ್ಲೇ."

"ಕೊಡ್ತೀಯಾ, ಇಲ್ವಾ?"

"ಕೊಡ್ತೀನಿ. ಯಾಕಂತ ಹೇಳಿದ್ರೆ ಕೊಡ್ತೀನಿ."

ಗಂಡ ಸತ್ತ ಮೇಲೆ ಮನೆ ಹಾಳಾಯಿತು ಅಂತ ಬೀಗರು ಅಂದುಕೊಳ್ಳಬಾರದು, ಮಾನದ ಪ್ರಶ್ನೆ ಎಂದೆ. ಮಾನ ಅಂದರೆ ನಮ್ಮ ಕಡೆ ಯಾರೂ ಹೆಚ್ಚು ಕೇಳುವುದಿಲ್ಲ. ಹಾಲು ಮಾತ್ರ ತನ್ನದು ಅಂತ ಕರಾರು ಮಾಡಿ ಕೊಟ್ಟಳು. ಕೊಟ್ಟಿಗೆಯಲ್ಲಿದ್ದ ಸೌದೆ ತೆಗೆದು ಹೊರಗೆ ಹಾಕಿ, ನೆಲಕ್ಕೆ ಒಂದಿಷ್ಟು ಸಗಣಿ ಚೆಲ್ಲಿ, ಎಮ್ಮೆಯನ್ನು ತಂದು ಕಟ್ಟಿದೆ. ಕಟ್ಟಿದ ತಕ್ಷಣ ಮೇಯಲು ಶುರು ಮಾಡಿತು. ಮೇವು ಎತ್ತಿ ಅಡಗಿಸಿಟ್ಟೆ.

ಭಾನುವಾರ ಮಧ್ಯಾಹ್ನ ಬಸ್ಸಿಳಿದರು. ಮಗಳ ಕಂಕುಳಲ್ಲಿ ಚಿಕ್ಕ ಕೂಸು. ದೊಡ್ಡ ಹುಡುಗಿಯನ್ನು ಅಪ್ಪನ ಹತ್ತಿರ ಬಿಟ್ಟು ಬಂದಿದ್ದಳು. ಬೀಗತಿಯ ಕೈಯಲ್ಲಿ ಚೀಲ, ಚೀಲದಿಂದ ಹೊರಗೆ ಚಾಚಿಕೊಂಡ ಬಿದಿರಿನ ಗೊಟ್ಟ, ದನಕ್ಕೆ ಔಷಧ ಕುಡಿಸುವಂಥದ್ದು. ಸೊಸೆಗೆ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿರಲಿಲ್ಲ, ಗೊಟ್ಟಕ್ಕೆ ಸಿಕ್ಕಿತ್ತು. ಬಸ್ ನಿಲ್ಲುವುದು ಆ ಅಂಗಡಿಯ ಮುಂದೆಯೇ. ನಾನು ಚೀಲ ಕಿತ್ತುಕೊಂಡು ಬೇಗ ನಡೆದೆ. ಅಂಗಡಿಯವನು ಬಿಡಬೇಕಲ್ಲ.

"ಅಮ್ಮೋ, ಎಮ್ಮೆ ಹೆಂಗೈತೆ?"

"ಹಂಗೇ ಐತಪ್ಪ."

ಬೀಗತಿ ಮೆಚ್ಚಿಕೊಂಡಳು. "ಪಾಪ, ಊರೋರಿಗೆಲ್ಲ ನಿಮ್ಮೆಮ್ಮೆ ಮ್ಯಾಲೆ ಎಷ್ಟು ಕಾಳಜಿ ನೋಡ್ರಿ."

ಮನೆಗೆ ಬಂದು ಕಾಲು ತೊಳೆದವಳು ನೀರು ಕುಡಿಯಲಿಲ್ಲ, ನೇರ ಕೊಟ್ಟಿಗೆಗೆ ಹೋದಳು. ಎಮ್ಮೆಯ ಕಿವಿ ಮುಟ್ಟಿದಳು, ಕಣ್ಣಿನ ರೆಪ್ಪೆ ಎತ್ತಿದಳು, ಹೊಟ್ಟೆಗೆ ಕಿವಿ ಇಟ್ಟಳು. ಮಗಳು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

"ಮೇವು ಬಿಟ್ಟಿರೋ ಎಮ್ಮೆ ಹಿಂಗಿರಲ್ಲ. ಇದರ ಹೊಟ್ಟೆ ನಗಾರಿ ಆದಂಗೈತೆ."

"ಇವತ್ತು ಸ್ವಲ್ಪ ಪರ್ವಾಗಿಲ್ಲ" ಎಂದೆ.

"ಏನೇ ಇರ್ಲಿ, ತಂದಿರೋದನ್ನ ಕುಡಿಸಿಬಿಡಾಣ."

ಬೆಲ್ಲ, ಓಂಕಾಳು, ಇಂಗು, ಇನ್ನೇನೇನೋ ಅರೆದು ಗೊಟ್ಟಕ್ಕೆ ತುಂಬಿ, ಎಮ್ಮೆಯ ತಲೆ ಎತ್ತಿ ಹಿಡಿದು ಕುಡಿಸಿದಳು. ಗೋಡೆಯ ಆಚೆಯಿಂದ ಪಕ್ಕದ ಮನೆಯವಳು ಕತ್ತು ಚಾಚಿ ನೋಡುತ್ತಿದ್ದಳು. ಅವಳ ಮುಖ ನಾನು ಇವತ್ತಿಗೂ ಮರೆತಿಲ್ಲ. ಆರೋಗ್ಯವಾಗಿದ್ದ ಎಮ್ಮೆಗೆ ಯಾರೋ ಊರಾಚೆಯವಳು ಬಂದು ಔಷಧ ಹೊಯ್ಯುತ್ತಿದ್ದಾಳೆ, ಬಾಯಿ ಬಿಡುವ ಹಾಗಿಲ್ಲ.

ಸಂಜೆಯಾಯಿತು. ಬೀಗತಿ ಚೆಂಬು ತಂದು ನನ್ನ ಕೈಗಿಟ್ಟಳು. "ಕರೀರಿ, ಹಾಲಿನ ಬಣ್ಣ ನೋಡಾಣ." ಕೂತೆ. ಎಮ್ಮೆ ಕತ್ತು ತಿರುಗಿಸಿ ನನ್ನ ತಲೆ, ಹೆಗಲು, ಸೀರೆ ಎಲ್ಲ ಮೂಸಿತು. ಮೂಸಿ ಆದ ಮೇಲೆ ಚೆಂಬಿಗೆ ಒದೆಯಿತು. ಚೆಂಬು ಗೋಡೆಗೆ ಹೋಗಿ ಬಿತ್ತು.

"ಏಳ್ರಿ" ಎಂದಳು ಬೀಗತಿ. "ಒಂದೇ ಮನೇಲಿ ಬಾಳೋ ಎಮ್ಮೆ ಮನೆಯೋರನ್ನ ಮೂಸಿ ನೋಡಲ್ಲ. ಇದು ನಿಮ್ದಲ್ಲ."

"ಅಲ್ಲ."

"ನಿಮ್ದೆಲ್ಲೈತೆ?"

"ಮಾರಿದೆ. ಆಗಲೇ ಬಾಳ ದಿನ ಆತು."

"ಮತ್ತೆ ನಾಳೆ ಡಾಕ್ಟ್ರು ಯಾರನ್ನ ನೋಡಕ್ಕೆ ಬರ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು. "ನನ್ನ, ಅತ್ತೆ. ಅವ್ರು ಬರಲ್ಲ, ನಾನೇ ದುರ್ಗಕ್ಕೆ ಹೋಗ್ತೀನಿ. ಆಪರೇಸನ್ ಮಾಡಿಸ್ಕಂತೀನಿ."

ಬೀಗತಿ ಬಿದ್ದಿದ್ದ ಚೆಂಬು ಎತ್ತಿಟ್ಟಳು. ಕಟ್ಟೆಯ ಮೇಲೆ ಕೂತಳು. ಕೂಗಾಡುತ್ತಾಳೆ ಅಂತ ಕಾದೆ. ಕೂಗಲಿಲ್ಲ.

"ನಮ್ಮನೆಗೆ ಗಂಡು ಬ್ಯಾಡ್ವೇನು?"

"ಗಂಡು ಬರೋ ಹೊತ್ತಿಗೆ ಇವಳು ಹೋದ್ರೆ?" ಎಂದೆ ನಾನು. "ಹೋದ ಸಲ ರಕ್ತ ನಿಲ್ಲಲಿಲ್ಲ. ಬಾಟ್ಲಿ ಏರಿಸಿ ಉಳಿಸಿದ್ರು. ಇನ್ನೊಂದಾದ್ರೆ ಉಳಿಯಲ್ಲ ಅಂತ ಡಾಕ್ಟ್ರಮ್ಮ ನನ್ನ ಮುಂದೇನೇ ಹೇಳಿದ್ರು."

"ನಂಗ್ಯಾಕೆ ಹೇಳಲಿಲ್ಲ?"

ಮಗಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಹೇಳಿದ್ರೆ, ಸೊಸೆ ಮೈಯಾಗೆ ಐಬೈತೆ ಅಂತ ಅವರಿಗೆ ಎರಡ್ನೇ ಮದ್ವೆ ಮಾಡ್ತೀರಂತ."

ಬೀಗತಿ ಸುಳ್ಳು ಹೇಳುವ ಹೆಂಗಸಲ್ಲ. "ಮಾಡಿದ್ರೂ ಮಾಡ್ತಿದ್ದೆ" ಎಂದಳು. ಆಮೇಲೆ, "ನನ್ ಮಗನಿಗೆ ಗೊತ್ತಾ?"

ಮಗಳು ಕೂಸಿನ ಕುಲಾವಿ ಸರಿ ಮಾಡತೊಡಗಿದಳು.

"ಗೊತ್ತೈತೆ ಅಂತಾತು. ನಾನು ಕೇಳಿಸ್ಕಂತೀನಿ ಅಂತ ಎಮ್ಮೆ ಕತೆ ಕಟ್ಟಿದ್ರಾ? ಫೋನು ನನ್ನ ತಲೆದೆಸೇಲಿ ಇಟ್ಟೋನು ಅವನು. ಅದನ್ನ ಎತ್ಕಂಡು ಹೊಲಕ್ಕೆ ಹೋಗ್ಲಾ ನಾನು? ಕಿವಿಗೆ ಬಿದ್ದಿದ್ದು ಕೇಳಿದೆ. ಎಮ್ಮೆ ಸಾಯ್ತೈತೆ ಅಂತ ರಾಗಿ ಬೀಸೋದು ಬಿಟ್ಟು ಬಂದೆ."

ಆಯಮ್ಮ ಬಂದದ್ದು ನಿಜವಾಗಿಯೂ ಎಮ್ಮೆಗಾಗಿಯೇ.

"ನಮ್ಮ ಹಿಂಡಿನಾಗೆ ಈಯೋವಾಗ ಹಿಂಗಾದ ಕುರೀನ ಮತ್ತೆ ಗಬ್ಬ ಆಗಕ್ಕೆ ಬಿಡಲ್ಲ" ಎಂದಳು ನೆಲ ನೋಡುತ್ತ. "ಮಾರ್ತೀವಿ."

"ಮಾರ್ರಿ, ಇವಳನ್ನ ನಾನೇ ಇಟ್ಕಂತೀನಿ" ಎಂದೆ.

ಮಗಳು ನಕ್ಕುಬಿಟ್ಟಳು. ಬೀಗತಿ ನಗಲಿಲ್ಲ. ಎದ್ದು ಎಮ್ಮೆಯ ಹಗ್ಗ ಬಿಚ್ಚಿದಳು. ಅದು ಯಾರನ್ನೂ ಕೇಳದೆ ತನ್ನ ಮನೆಗೆ ಹೋಯಿತು. ರಾತ್ರಿ ಆಯಮ್ಮನೂ ನಮ್ಮ ಜೊತೆ ಊಟಕ್ಕೆ ಕೂತಳು. ಮುದ್ದೆ ಮುರಿಯುವಾಗ ಕೇಳಿದಳು.

"ನಾಳೆ ಕೂಸನ್ನ ಯಾರತ್ರ ಬಿಡ್ತೀರಿ?"

"ಪಕ್ಕದ ಮನೇಲಿ."

"ಎಮ್ಮೆ ಕೊಟ್ಟೋಳತ್ರನಾ? ಊರಿಗೆಲ್ಲ ಸಾರ್ಕಂಡು ಬರ್ತಾಳೆ. ನನ್ನತ್ರ ಇರ್ಲಿ." ಒಂದು ತುತ್ತು ನುಂಗಿ ಸೇರಿಸಿದಳು. "ನಾನು ಹೂಂ ಅಂದೆ ಅಂತ ಮಾತ್ರ ಯಾರೂ ಹೇಳಂಗಿಲ್ಲ."

ಆ ಕೂಸೇ ಈಗ ನನ್ನ ಫೋನಿಗೆ ಬೀಗ ಹಾಕಿಕೊಟ್ಟವಳು. ಬೀಗ ಚೆನ್ನಾಗಿದೆ ಅಂತಾಳೆ. ಇರಬಹುದು. ಆದರೆ ಮೆಸೇಜು ಬಂದಾಗ ಫೋನು ಯಾರ ಮಂಚದ ಪಕ್ಕದಲ್ಲಿರುತ್ತದೆ ಅಂತ ನಾನು ಕೇಳಿದರೆ, ಅದಕ್ಕೆ ಇದರಲ್ಲಿ ಏನೂ ಇಲ್ಲ ಅಜ್ಜಿ ಅಂದಳು.

ಆ ಸೋಮವಾರ ಬೆಳಗ್ಗೆ ಬೀಗತಿಗೆ ರೊಟ್ಟಿ ತಟ್ಟಿ ಮುಚ್ಚಿಟ್ಟೆ. ಕೂಸಿಗೆ ರಾಗಿ ಸರಿ ಕಾಯಿಸಿದೆ. ಮಗಳಿಗೆ ಒಂದು ಗುಟುಕು ನೀರೂ ಕೊಡಲಿಲ್ಲ, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ಅವಳ ಕೈ ಹಿಡಿದು ದುರ್ಗದ ಬಸ್ಸು ಹತ್ತಿಸಿದೆ. ಕಂಡಕ್ಟರ್ ಎಲ್ಲಿಗೆ ಎಂದ. "ದೊಡ್ಡಾಸ್ಪತ್ರೆ, ಆಪರೇಸನ್‌ಗೆ, ಎರಡು ಟಿಕೆಟ್ ಕೊಡಪ್ಪ" ಎಂದೆ, ಬಸ್ಸಿನವರೆಲ್ಲ ಕೇಳುವ ಹಾಗೆ. ಮಗಳು ನನ್ನ ಸೆರಗು ಎಳೆದಳು. ಎಳೆಯಲಿ ಅಂತ ಬಿಟ್ಟೆ.