ಕಲ್ಲಿನ ಮನೆಯಲ್ಲಿ ಚುಚ್ಚುವ ದನಿ

ಶಹಾಬಾದಿನ ನಮ್ಮ ಮನೆಯಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು, ತಲೆಯ ಮೇಲಿನ ಚಪ್ಪಡಿಯೂ ಕಲ್ಲು. ನೆಲದ ಫರಸಿ ಕಲ್ಲುಗಳನ್ನು ನನ್ನ ಯಜಮಾನರೇ ಪಕ್ಕದ ಭಂಕೂರಿನ ಗಣಿಗೆ ಹೋಗಿ ಒಂದೊಂದಾಗಿ ಆರಿಸಿ ತಂದು ಉಜ್ಜಿಸಿದ್ದರು. ಅದರ ಮೇಲೆ ಚಾಪೆ ಹಾಸಿದರೂ ಸಿಟ್ಟಾಗುತ್ತಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೆಲಸ ಮಾಡುವ ಕಲ್ಲುಗಣಿಯಲ್ಲಿ ಬಂಡೆ ಒಡೆಯುವ ಮದ್ದು ತೀರಾ ಹತ್ತಿರ ಸಿಡಿದು ಇವರ ಕಿವಿಗೆ ಪೆಟ್ಟಾಗಿತ್ತು. ಕಿವಿಯೇನೋ ಕೇಳುತ್ತಿತ್ತು, ಆದರೆ ಕೆಲಸದಿಂದ ಬಂದವರು ಊಟ ಮುಗಿಸಿ ಸೀದಾ ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದರು. ಆರು ತಿಂಗಳಲ್ಲಿ ನಮ್ಮ ನಡುವೆ ಹತ್ತು ಮಾತು ಆಗಿದ್ದರೆ ಹೆಚ್ಚು. ನನ್ನ ಬಾಯಿ ಮೊದಲೇ ಜೋರು, ಅದಕ್ಕೇ ನನ್ನ ಮೇಲೆ ಬೇಸತ್ತಿದ್ದಾರೆ ಎಂದುಕೊಂಡೆ. ಹಾಗೆಂದುಕೊಂಡಷ್ಟೂ ಬಾಯಿ ಇನ್ನೂ ಜೋರಾಯಿತು.

ಮುಂಬೈಯಲ್ಲಿದ್ದ ನನ್ನ ಅಣ್ಣ ಒಂದು ರೆಕಾರ್ಡ್ ಪ್ಲೇಯರನ್ನೂ ಎರಡು ದೊಡ್ಡ ಸ್ಪೀಕರುಗಳನ್ನೂ ಕೊಟ್ಟಾಗ, ಹಾಡು ಕೇಳಲಿಕ್ಕಾದರೂ ಇವರು ಒಳಗೆ ಕೂತಾರು ಎಂದು ಆಸೆಪಟ್ಟೆ. ಮೊದಲ ದಿನ ಸಿತಾರಿನ ತಂತಿ ಮಿಡಿದದ್ದೇ ತಡ, ಕಿವಿ ಮುಚ್ಚಿಕೊಂಡು ಎದ್ದರು.

"ಸೂಜಿ ಚುಚ್ಚಿದಂಗ ಆಗಲಿಕತ್ತದ. ಶುಕ್ರವಾರ ತನಕ ನೋಡ್ತೀನಿ. ಆಮ್ಯಾಲ ನಿಮ್ಮಣ್ಣಗ ವಾಪಸ್ ಕಳಿಸ್ತೀನಿ."

ಸುಳ್ಳಲ್ಲ, ಹಾಡುವವರ ಒಂದೊಂದು 'ಸ'ಕಾರವೂ ನನ್ನ ಕಿವಿಯನ್ನೂ ಗೀರುತ್ತಿತ್ತು. ಪಕ್ಕದೂರು ವಾಡಿಯ ರೇಡಿಯೊ ರಿಪೇರಿಯವನ ಮಾತು ಕೇಳಿ, ಚೂಪು ದನಿ ತಗ್ಗಿಸುವ ಟ್ರೆಬಲ್ ಗುಂಡಿ ಇಳಿಸಿದೆ. ಹಾಡು ಮುಸುಕು ಹಾಕಿಕೊಂಡಿತೇ ಹೊರತು ಚೂಪು ಹೋಗಲಿಲ್ಲ. ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನೂ ಹೊಸದು ಹಾಕಿಸಿದೆ, ಅದರಿಂದಲೂ ಆಗಲಿಲ್ಲ. ಗುರುವಾರ ಬಂತು. ಸ್ಪೀಕರಿನ ಬಾಯಿಗೇ ಹತ್ತಿ ತುರುಕೋಣವೆಂದು, ಓಣಿಯಲ್ಲಿ ಗಾದಿಗೆ ಹತ್ತಿ ಹಿಂಜುತ್ತಿದ್ದ ಪಿಂಜಾರ ಚಾಚಾರ ಹತ್ತಿರ ಒಂದು ಹಿಡಿ ಕೇಳಿದೆ. ಅವರು ಒಳಗೆ ಬಂದು ಹಾಡು ಕೇಳಿದರು. ಆಮೇಲೆ ನಡುಮನೆಯಲ್ಲಿ ನಿಂತು ತಮ್ಮ ಹತ್ತಿ ಹಿಂಜುವ ಬಿಲ್ಲನ್ನು ಒಮ್ಮೆ ಮೀಟಿದರು. ಮನೆಯೆಲ್ಲ ಝಣ್ ಎಂದಿತು.

"ಪೆಟ್ಟಿಗಿ ಒದರಲಿಕತ್ತಿಲ್ಲ ಬೇಟಿ, ನಿನ್ನ ಮನಿ ಒದರಲಿಕತ್ತದ. ಹತ್ತಿ ಪೆಟ್ಟಿಗಿಗಲ್ಲ, ಮನಿಗಿ ತುಂಬು."

ಮನೆಗೆ ತುಂಬುವುದೆಂದರೆ ಇವರ ಕಲ್ಲನ್ನು ಮುಚ್ಚುವುದು. ಆದರೂ ಬಿಡಲಿಲ್ಲ. ಶುಕ್ರವಾರ ಇವರು ಕೆಲಸಕ್ಕೆ ಹೋದ ಮೇಲೆ ಸ್ಪೀಕರುಗಳನ್ನು ಗೋಡೆಯ ಗೂಡಿನಿಂದ ಇಳಿಸಿ ಸ್ಟೂಲಿನ ಮೇಲಿಟ್ಟೆ. ನೆಲಕ್ಕೆ ಜಮಖಾನ ಹಾಸಿದೆ. ಕಿಟಕಿಯ ಸರಳಿನಿಂದ ಹಗ್ಗ ಕಟ್ಟಿ ಸ್ಪೀಕರಿನ ಎದುರು ಗೋಡೆಯ ಉದ್ದಕ್ಕೂ ಹೊದೆಯುವ ಕೌದಿಗಳನ್ನು ಇಳಿಬಿಟ್ಟೆ, ಮೂಲೆಗೆ ಗಾದಿ ನಿಲ್ಲಿಸಿದೆ. ನಡುಮನೆ ಬಟ್ಟೆ ಒಣಗಿಸುವ ಅಂಗಳದಂತಾಯಿತು.

ಸಂಜೆ ಬಂದವರು ಹೊಸ್ತಿಲಲ್ಲೇ ನಿಂತು ನೆಲ ನೋಡಿದರು. ದವಡೆ ಬಿಗಿಯಿತು.

"ಏನಿದು?"

"ಒಂದ ಹಾಡು ಕೇಳ್ರಿ. ಆಮ್ಯಾಲ ನಾನೇ ಪೆಟ್ಟಿಗಿ ಕಟ್ಟಿ ಕೊಡ್ತೀನಿ," ಎಂದೆ.

ಬೈಸಿಕೊಳ್ಳಲು ತಯಾರಾಗಿ, ಅವರಿಗೆ ಬೆನ್ನು ಮಾಡಿಯೇ ಮುಳ್ಳು ಇಳಿಸಿದೆ. ಅದು ಮುಂದೆ ಬಿದ್ದು ಹಾಡಿನ ಮೊದಲ ಸಾಲೇ ಹಾರಿಹೋಯಿತು. ದನಿ ಮಾತ್ರ ಈಗ ಗೋಡೆಗೆ ಬಡಿದು ವಾಪಸ್ ಬರುತ್ತಿರಲಿಲ್ಲ. ಹಿಂದಿನಿಂದ ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಜಮಖಾನದ ಮೇಲೆ ಕೂತಿದ್ದರು. ಹಾಡು ಮುಗಿಯಿತು.

"ಇನ್ನೊಂದು ಹಾಕ್ಲೇನ್ರಿ?"

"ಬ್ಯಾಡ. ನೀ ಮಾತಾಡು," ಎಂದರು. "ಕಿವಿಗಿ ಪೆಟ್ಟಾದಾಗಿಂದ ಈ ಮನ್ಯಾಗ ನಿನ್ನ ದನಿನೂ ಹಂಗಾ ಚುಚ್ಚತಿತ್ತು. ಹೇಳಿದ್ರ ನೊಂದ್ಕೋತಿ ಅಂತ ಹೊರಗ ಕುಂದರ್ತಿದ್ದೆ."

ಅಷ್ಟು ಜೋರು ಬಾಯಿಯ ನಾನು ಪ್ಲೇಯರ್ ಆರಿಸಿ, ಜಮಖಾನದ ಮೇಲೆ ಅವರ ಪಕ್ಕ ಕೂತು, ಮೆಲ್ಲಗೆ ಮಾತು ಶುರುಮಾಡಿದೆ.